ಸ್ವಂತ ಡೇಟಾ ಸೆಂಟರೂ ಬಾಡಿಗೆಯ ಕ್ಲೌಡೂ

'ಕ್ಲೌಡ್' ಎಂಬ ಮಾತು ಈಚೆಗೆ ನಮ್ಮ ಕಿವಿಗೆ ಬೀಳದ ದಿನವಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರ ಕ್ಲೌಡಿನಲ್ಲಿದೆ, ಬ್ಯಾಂಕಿನ ಲೆಕ್ಕ ಕ್ಲೌಡಿನಲ್ಲಿದೆ ಎನ್ನುತ್ತಾರೆ. ಮುಗಿಲಿಗೂ ಲೆಕ್ಕಪತ್ರಕ್ಕೂ ಏನು ಸಂಬಂಧವೆಂದು ಕೇಳಿದರೆ ಬಿಡಿಸಿ ಹೇಳುವವರು ಮಾತ್ರ ಕಡಮೆ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಯಂತ್ರದ ವಿಷಯವಾಗಿ ಕಂಡದ್ದಕ್ಕಿಂತ ಹೆಚ್ಚಾಗಿ ಒಡೆತನದ ಮತ್ತು ಬಾಡಿಗೆಯ ವಿಷಯವಾಗಿ ಕಂಡಿದೆ. ಗೇಣಿ, ಒತ್ತೆ, ಕರಾರು ಎಂದು ನಾವು ತರಗತಿಯಲ್ಲಿ ಓದುವ ಪಾಠವೇ ಇಲ್ಲಿ ಹೊಸ ವೇಷ ತೊಟ್ಟು ನಿಂತಿದೆ. ಆ ದೃಷ್ಟಿಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಕ್ಲೌಡ್ ಎಂದರೇನೆಂಬುದನ್ನು ಹೇಳಿ ಮುಂದೆ ಹೋಗೋಣ. ಆಕಾಶದಲ್ಲಿ ಏನೂ ಇಲ್ಲ. ಸಾವಿರಾರು ಸರ್ವರುಗಳನ್ನು ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿ, ಅವಕ್ಕೆ ವಿದ್ಯುತ್ತು, ತಂಪು, ಕಾವಲು ಎಲ್ಲವನ್ನೂ ಒದಗಿಸಿ, ಬೇಕೆಂದವರಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಏರ್ಪಾಡಿಗೆ ಈ ಹೆಸರು. ಅಮೆಜಾನ್ ಕಂಪನಿಯು ೨೦೦೬ರ ಮಾರ್ಚ್ ತಿಂಗಳಲ್ಲಿ ದತ್ತಾಂಶವನ್ನು ಕೂಡಿಡುವ 'ಎಸ್-೩' ಎಂಬ ಉಗ್ರಾಣವನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ಕಂಪ್ಯೂಟರನ್ನೇ ಬಾಡಿಗೆಗೆ ಕೊಡುವ 'ಇಸಿ-೨' ಎಂಬ ಸೇವೆಯನ್ನೂ ತೆರೆದ ಮೇಲೆ ಈ ವ್ಯಾಪಾರ ಈಗಿನ ರೂಪಕ್ಕೆ ಬಂದಿತು. ಮೈಕ್ರೋಸಾಫ್ಟ್ ಮತ್ತು ಗೂಗಲ್ ಕಂಪನಿಗಳು ಹಿಂದೆಯೇ ಬಂದವು. ಈಗ ಈ ಮೂವರೇ ಆ ಬೀದಿಯ ದೊಡ್ಡ ಮನೆ ಮಾಲೀಕರು.

ಹೊಸದಾಗಿ ಹುಟ್ಟುವ ಕಂಪನಿಗೆ ಇಲ್ಲಿ ಹೆಚ್ಚು ಯೋಚನೆಯಿಲ್ಲ. ಬಾಡಿಗೆಯ ಮನೆಯಲ್ಲಿಯೇ ಸಂಸಾರ ಹೂಡುತ್ತದೆ. ತೊಡಕಿರುವುದು ಹಳೆಯ ಮನೆತನಗಳಿಗೆ. ಬ್ಯಾಂಕುಗಳು, ವಿಮಾ ಕಂಪನಿಗಳು, ಕಾರ್ಖಾನೆಗಳು, ದೊಡ್ಡ ಆಸ್ಪತ್ರೆಗಳು ಇವೆಲ್ಲ ಕ್ಲೌಡ್ ಬರುವ ಮುಂಚೆಯೇ ಹಣ ಸುರಿದು ತಮ್ಮ ತಮ್ಮ ಡೇಟಾ ಸೆಂಟರುಗಳನ್ನು ಕಟ್ಟಿಕೊಂಡಿವೆ. ಹಿತ್ತಿಲಲ್ಲಿ ಬಾವಿಯುಳ್ಳ ಮನೆಗೆ ಊರಿನ ನಲ್ಲಿ ಬಂದಂತಾಯಿತು. ಬಾವಿಯನ್ನು ಮುಚ್ಚಿಬಿಡಬೇಕೇ? ಎರಡನ್ನೂ ಇಟ್ಟುಕೊಳ್ಳಬೇಕೇ? ಒಂದೇ ನಲ್ಲಿಯನ್ನು ನಂಬಿದರೆ ಸಾಕೇ, ಇಬ್ಬರಿಂದ ನೀರು ತರಿಸಬೇಕೇ? ಹೈಬ್ರಿಡ್, ಮಲ್ಟಿ-ಕ್ಲೌಡ್ ಎಂಬ ಎರಡು ಹೆಸರುಗಳು ಹುಟ್ಟಿದ್ದು ಈ ಪ್ರಶ್ನೆಗಳಿಂದ.

ಹೈಬ್ರಿಡ್ ಎಂಬ ಶಬ್ದವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹೈಬ್ರಿಡ್ ಜೋಳವನ್ನು ಬಿತ್ತಿ ಬೆಳೆದವರು ಅವರು. ಆದರೆ ಇಲ್ಲಿ ಅದರ ಅರ್ಥ ಸ್ವಲ್ಪ ಬೇರೆ. ಬೆರೆತ ತಳಿಯಲ್ಲಿ ತಂದೆ ತಾಯಿಯರನ್ನು ಮತ್ತೆ ಬೇರೆ ಮಾಡಲಾಗದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ೨೦೧೧ರ ಸೆಪ್ಟೆಂಬರಿನಲ್ಲಿ ಕೊಟ್ಟ ವಿವರಣೆಯ ಪ್ರಕಾರ ಹೈಬ್ರಿಡ್ ಕ್ಲೌಡಿನಲ್ಲಿ ಎರಡು ಅಥವಾ ಹೆಚ್ಚು ವ್ಯವಸ್ಥೆಗಳು ಬೇರೆ ಬೇರೆಯಾಗಿಯೇ ಉಳಿಯುತ್ತವೆ; ದತ್ತಾಂಶವೂ ಪ್ರೋಗ್ರಾಮುಗಳೂ ಒಂದರಿಂದ ಇನ್ನೊಂದಕ್ಕೆ ಸಾಗಬಲ್ಲ ಹಾಗೆ ಅವುಗಳ ನಡುವೆ ಬೆಸುಗೆ ಇರುತ್ತದೆ. ವಾಡಿಕೆಯಲ್ಲಿ ಸ್ವಂತ ಡೇಟಾ ಸೆಂಟರನ್ನು ಒಂದು ಬಾಡಿಗೆಯ ಕ್ಲೌಡಿಗೆ ಜೋಡಿಸಿದರೆ ಅದು ಹೈಬ್ರಿಡ್. ಇಬ್ಬರು ಮೂವರು ಕ್ಲೌಡ್ ಕಂಪನಿಗಳಲ್ಲಿ ಕೆಲಸವನ್ನು ಹಂಚಿದರೆ ಅದು ಮಲ್ಟಿ-ಕ್ಲೌಡ್. ಒಂದೇ ಕಂಪನಿಯಲ್ಲಿ ಎರಡೂ ಇರಬಹುದು. ಜಾಹೀರಾತುಗಳು ಇವನ್ನು ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುತ್ತವೆ. ನನಗೆ ತೋರುವಂತೆ ಇವೆರಡೂ ಎರಡು ಬೇರೆ ಅಂಜಿಕೆಗಳಿಗೆ ಕೊಟ್ಟ ಉತ್ತರ. ದತ್ತಾಂಶ ನನ್ನ ಕೈಬಿಟ್ಟು ಹೋದೀತೆಂಬ ಅಂಜಿಕೆಗೆ ಹೈಬ್ರಿಡ್. ಒಬ್ಬನೇ ಮಾಲೀಕನ ಮರ್ಜಿಗೆ ಬಿದ್ದೇನೆಂಬ ಅಂಜಿಕೆಗೆ ಮಲ್ಟಿ-ಕ್ಲೌಡ್. ತನ್ನ ಅಂಜಿಕೆ ಯಾವುದೆಂದು ತಿಳಿಯದೆ ಔಷಧಿ ಕೊಳ್ಳುವ ಕಂಪನಿಗಳೇ ಹೆಚ್ಚು.

ಬಾವಿಯನ್ನು ಏಕೆ ಮುಚ್ಚಬಾರದು ಎಂಬುದನ್ನು ಮೊದಲು ನೋಡೋಣ. ಹಾಕಿದ ಬಂಡವಾಳ ಒಂದು ಕಾರಣ, ಅದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕಾನೂನು. ಭಾರತೀಯ ರಿಸರ್ವ್ ಬ್ಯಾಂಕು ೨೦೧೮ರ ಏಪ್ರಿಲ್ ೬ರಂದು ಹೊರಡಿಸಿದ ಆಜ್ಞೆಯಂತೆ ಹಣ ಪಾವತಿಯ ವ್ಯವಸ್ಥೆಗಳ ದತ್ತಾಂಶವೆಲ್ಲ ಭಾರತದಲ್ಲಿಯೇ ಇರತಕ್ಕದ್ದು. ಕ್ಲೌಡ್ ಕಂಪನಿಗಳು ಮುಂಬಯಿ, ಹೈದರಾಬಾದು, ಪುಣೆ, ಚೆನ್ನೈ ಮುಂತಾದೆಡೆ ಕೇಂದ್ರಗಳನ್ನು ತೆರೆದಿರುವುದರಿಂದ ಈ ಆಜ್ಞೆ ಕ್ಲೌಡಿಗೆ ಬಾಗಿಲು ಮುಚ್ಚಲಿಲ್ಲ. ಆದರೆ ದತ್ತಾಂಶ ಎಲ್ಲಿದೆ ಎಂದು ಕೇಳಿದಾಗ ಬೆರಳಿಟ್ಟು ತೋರಿಸುವ ಹೊಣೆ ಬ್ಯಾಂಕಿನ ಹೆಗಲಿಗೆ ಬಿದ್ದಿತು.

ಮೂರನೆಯ ಕಾರಣ ದೂರ. ಇದನ್ನು ವ್ಯಾಪಾರದವರು ಸಾಮಾನ್ಯವಾಗಿ ಮರೆಯುತ್ತಾರೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ಕಾಗೆ ಹಾರುವ ದಾರಿ ಸುಮಾರು ೮೫೦ ಕಿಲೋಮೀಟರು. ಹೋಗಿ ಬರಲು ೧,೭೦೦ ಕಿಲೋಮೀಟರು, ಅಂದರೆ ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ಎಂಟೂವರೆ ಭಾಗ. ತಂತಿ ಕಾಗೆಯ ದಾರಿಯಲ್ಲಿ ಹೋಗುವುದಿಲ್ಲವಾದ್ದರಿಂದ ಹತ್ತು ಭಾಗವೆಂದೇ ಇಟ್ಟುಕೊಳ್ಳೋಣ. ಇದೇನು ಮಹಾ ಎಂದು ನಗಬೇಡಿ. ಹಳೆಯ ಪ್ರೋಗ್ರಾಮೊಂದು ಒಂದು ಪುಟವನ್ನು ತೋರಿಸುವುದಕ್ಕೆ ಲೆಕ್ಕದ ಕಣಜವನ್ನು ಒಂದಾದ ಮೇಲೊಂದರಂತೆ ೫೦೦ ಪ್ರಶ್ನೆ ಕೇಳುತ್ತದೆಂದು ಭಾವಿಸಿ. ಕಣಜ ಅದೇ ಕಟ್ಟಡದಲ್ಲಿದ್ದರೆ ಪ್ರತಿ ಪ್ರಶ್ನೆಗೆ ಸಾವಿರದಲ್ಲಿ ಅರ್ಧ ಭಾಗ ಸಾಕು. ಒಟ್ಟು ಕಾಲು ಸೆಕೆಂಡು. ಪ್ರೋಗ್ರಾಮು ಮುಂಬಯಿಗೆ ಹೋಗಿ ಕಣಜ ಬೆಂಗಳೂರಿನಲ್ಲಿ ಉಳಿದರೆ ಐದು ಸೆಕೆಂಡು. ಬ್ಯಾಂಕಿನ ಕಿಟಕಿಯ ಮುಂದೆ ಸಾಲು ನಿಂತವರಿಗೆ, ಪ್ರತಿ ಪುಟಕ್ಕೂ ಐದೈದು ಸೆಕೆಂಡು ಕೂಡುತ್ತ ಹೋದರೆ ಏನಾಗುವುದೆಂಬುದು ಚೆನ್ನಾಗಿ ಗೊತ್ತು. ಎಷ್ಟು ಹಣ ಕೊಟ್ಟರೂ ಬೆಳಕು ಇದಕ್ಕಿಂತ ವೇಗವಾಗಿ ಓಡಲಾರದು. ಆದ್ದರಿಂದ ಹೈಬ್ರಿಡ್ ಮಾಡುವಾಗ ಯಾವ ಪ್ರೋಗ್ರಾಮು ಯಾವ ಕಣಜದೊಂದಿಗೆ ಮಾತಾಡುತ್ತದೆಂಬ ನಕ್ಷೆ ಬರೆಯದೆ ಅರ್ಧ ಸಾಮಾನನ್ನು ಹೊಸ ಮನೆಗೆ ಸಾಗಿಸಿದವರು ತೊಂದರೆಪಡುತ್ತಾರೆ.

ಈ ಹೊಲಿಗೆಯನ್ನು ಹಾಕಿಕೊಡುವ ಸಿದ್ಧ ವ್ಯವಸ್ಥೆಗಳು ಈಗ ಹಲವಿವೆ. ಅವುಗಳಲ್ಲಿ ನನಗೆ ಎರಡು ದಾರಿಗಳು ಕಾಣುತ್ತವೆ.

ಮೊದಲನೆಯ ದಾರಿಯಲ್ಲಿ ಬಾಡಿಗೆಯ ಮಾಲೀಕನೇ ನಿಮ್ಮ ಮನೆಗೆ ಬಂದು ಒಂದು ಕೋಣೆ ಹಿಡಿಯುತ್ತಾನೆ. ಅಮೆಜಾನ್ ಕಂಪನಿ ೨೦೧೯ರ ಡಿಸೆಂಬರಿನಿಂದ 'ಔಟ್‌ಪೋಸ್ಟ್ಸ್' ಎಂಬ ಹೆಸರಿನಲ್ಲಿ ತನ್ನ ಯಂತ್ರಗಳಿಂದ ತುಂಬಿದ ಬೀರುವನ್ನು ಗಿರಾಕಿಯ ಡೇಟಾ ಸೆಂಟರಿನಲ್ಲಿ ನಿಲ್ಲಿಸುತ್ತಿದೆ. ಸ್ಥಳ ನಿಮ್ಮದು, ವಿದ್ಯುತ್ತು ನಿಮ್ಮದು, ಯಂತ್ರ ಮಾತ್ರ ಅಮೆಜಾನಿನದು. ಕೆಟ್ಟರೆ ರಿಪೇರಿಯೂ ಅದರದೇ. ಆ ಬೀರುವಿನ ಆಡಳಿತ ದೂರದ ಅಮೆಜಾನ್ ಕೇಂದ್ರದಲ್ಲಿರುವುದರಿಂದ ಅಲ್ಲಿಗೆ ತಂತಿ ಸದಾ ಜೀವಂತವಾಗಿರಬೇಕು. ತಂತಿ ಕಡಿದರೆ ನಡೆಯುತ್ತಿದ್ದ ಯಂತ್ರ ನಡೆಯುತ್ತಿರುತ್ತದೆ; ಹೊಸದನ್ನು ಹೂಡುವ, ಇದ್ದುದನ್ನು ಬದಲಿಸುವ ಅಧಿಕಾರ ಮಾತ್ರ ಅಷ್ಟು ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ. ಮೈಕ್ರೋಸಾಫ್ಟಿನದು 'ಅಜೂರ್ ಲೋಕಲ್'. ೨೦೨೪ರ ನವೆಂಬರಿನವರೆಗೆ ಇದಕ್ಕೆ 'ಅಜೂರ್ ಸ್ಟ್ಯಾಕ್ ಎಚ್‌ಸಿಐ' ಎಂಬ ಹೆಸರಿತ್ತು. ಇಲ್ಲಿ ಯಂತ್ರಗಳನ್ನು ಒಪ್ಪಿಗೆ ಪಡೆದ ತಯಾರಕರಿಂದ ನೀವೇ ಕೊಳ್ಳುತ್ತೀರಿ. ಆದರೂ ಇದರ ಸಾಮಾನ್ಯ ರೂಪದಲ್ಲಿ ಮೂವತ್ತು ದಿನಕ್ಕೊಮ್ಮೆಯಾದರೂ ಮೈಕ್ರೋಸಾಫ್ಟಿನ ಕ್ಲೌಡಿಗೆ ಹಾಜರಿ ಹಾಕಬೇಕು. ತಪ್ಪಿದರೆ ಇದ್ದ ಕೆಲಸ ನಡೆದೀತು, ಹೊಸ ಕೆಲಸ ಆರಂಭಿಸಲಾಗದು. ನಮ್ಮ ಹಾಜರಿಯ ನಿಯಮ ಇದಕ್ಕಿಂತ ಕಠಿಣವೆಂದು ಸ್ನೇಹಿತರು ಸಮಾಧಾನಪಟ್ಟುಕೊಳ್ಳಲಿ! ಗೂಗಲಿನದು 'ಡಿಸ್ಟ್ರಿಬ್ಯೂಟೆಡ್ ಕ್ಲೌಡ್'. ಇದರಲ್ಲಿ ಹೊರಗಿನ ಯಾವ ತಂತಿಯೂ ಇಲ್ಲದೆ, ಗೂಗಲಿನ ಸಂಪರ್ಕವೂ ಇಲ್ಲದೆ ನಡೆಯುವ ಒಂದು ಬಗೆಯುಂಟು. ರಕ್ಷಣಾ ಇಲಾಖೆಗಳಂಥವರಿಗಾಗಿ ಅದನ್ನು ಮಾಡಿದ್ದಾರೆ.

ಎರಡನೆಯ ದಾರಿಯಲ್ಲಿ ಸ್ವಂತ ಮನೆಗೂ ಬಾಡಿಗೆಯ ಮನೆಗೂ ಒಂದೇ ಬಗೆಯ ನೆಲಗಟ್ಟು ಹಾಕುತ್ತಾರೆ. ಬಂದರಿನಲ್ಲಿ ಕಬ್ಬಿಣದ ದೊಡ್ಡ ಪೆಟ್ಟಿಗೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಒಳಗೆ ಗೋಡಂಬಿಯಿರಲಿ, ಕಾಫಿಬೀಜವಿರಲಿ, ಪೆಟ್ಟಿಗೆಯ ಅಳತೆ ಒಂದೇ ಆದ್ದರಿಂದ ಲಾರಿ, ರೈಲು, ಹಡಗು ಯಾವುದರ ಮೇಲಾದರೂ ಅದು ಕೂರುತ್ತದೆ. ಪ್ರೋಗ್ರಾಮುಗಳನ್ನೂ ಹೀಗೆ 'ಕಂಟೇನರ್' ಎಂಬ ಪೆಟ್ಟಿಗೆಯಲ್ಲಿ ತುಂಬಿಸಿ, ಆ ಪೆಟ್ಟಿಗೆಗಳನ್ನು ಎತ್ತಿ ಇಳಿಸಿ ಮೇಲ್ವಿಚಾರಣೆ ಮಾಡುವ 'ಕುಬರ್ನೆಟೀಸ್' ಎಂಬ ಸಾಧನವನ್ನು ಗೂಗಲ್ ೨೦೧೪ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ೨೦೧೫ರಲ್ಲಿ ಅದು ಒಬ್ಬ ಒಡೆಯನಿಲ್ಲದ ಪ್ರತಿಷ್ಠಾನದ ಕೈಸೇರಿತು. ಅದರ ಮೇಲೆ ಕಟ್ಟಿ ಮಾರುವ ವ್ಯವಸ್ಥೆಗಳಲ್ಲಿ ರೆಡ್ ಹ್ಯಾಟ್ ಕಂಪನಿಯ 'ಓಪನ್‌ಶಿಫ್ಟ್' ಪ್ರಸಿದ್ಧ. ಆ ಕಂಪನಿಯನ್ನು ಐಬಿಎಂ ೨೦೧೯ರ ಜುಲೈಯಲ್ಲಿ ಸುಮಾರು ೩,೪೦೦ ಕೋಟಿ ಡಾಲರು ಕೊಟ್ಟು ಕೊಂಡಿತೆಂದರೆ ಈ ನೆಲಗಟ್ಟಿಗೆ ಎಂಥ ಬೆಲೆಯಿದೆಯೆಂಬುದನ್ನು ಊಹಿಸಬಹುದು. ಸ್ವಂತ ಡೇಟಾ ಸೆಂಟರನ್ನೇ ಕ್ಲೌಡಿನಂತೆ ನಡೆಸಬೇಕೆನ್ನುವವರಿಗೆ, ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿ ಸೇರಿ ೨೦೧೦ರಲ್ಲಿ ಆರಂಭಿಸಿದ 'ಓಪನ್‌ಸ್ಟ್ಯಾಕ್' ಉಂಟು. ಜಿನೀವಾದ ಸರ್ನ್ ಪ್ರಯೋಗಾಲಯ ಅದನ್ನು ಬಳಸುತ್ತದೆ. ದುಡ್ಡು ಕಡಮೆ, ಬುದ್ಧಿವಂತ ಕೆಲಸಗಾರರು ಹೆಚ್ಚು ಬೇಕು.

ಈ ಎರಡು ದಾರಿಗಳಲ್ಲಿ ಮೊದಲನೆಯದು ಸುಖವಾದದ್ದು. ಒಂದೇ ಕಂಪನಿಯ ಒಂದೇ ಬಗೆಯ ಸಾಧನ, ಕೆಟ್ಟರೆ ಹೊಣೆ ಒಬ್ಬರದೇ. ಆದರೆ ಮನೆಯೊಳಗಿನ ಕೋಣೆಯೂ ಅದೇ ಮಾಲೀಕನದಾದ ಮೇಲೆ ನಾಳೆ ಆತ ಬಾಡಿಗೆ ಏರಿಸಿದರೆ ಎಲ್ಲಿಗೆ ಹೋಗುವುದು? ಎರಡನೆಯ ದಾರಿಯಲ್ಲಿ ಆರಂಭದ ಕಷ್ಟ ಹೆಚ್ಚು, ಹೊರಟುಹೋಗುವ ಬಾಗಿಲು ದೊಡ್ಡದು. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಪೆಟ್ಟಿಗೆ ಸಾಗುತ್ತದೆ, ಕಣಜ ಸಾಗುವುದಿಲ್ಲ. ಪ್ರೋಗ್ರಾಮನ್ನು ಒಂದು ಗಂಟೆಯಲ್ಲಿ ಬೇರೆ ಕ್ಲೌಡಿನಲ್ಲಿ ಇಳಿಸಬಹುದು. ಹತ್ತು ವರ್ಷದ ಲೆಕ್ಕವನ್ನು ಹಾಗೆ ಇಳಿಸಲಾಗದು. ಒರೇಕಲ್ ಕಂಪನಿಯು ೨೦೨೩ರಲ್ಲಿ ಮೈಕ್ರೋಸಾಫ್ಟಿನ ಕಟ್ಟಡಗಳಲ್ಲಿಯೂ, ಅನಂತರ ಗೂಗಲ್ ಮತ್ತು ಅಮೆಜಾನ್‌ಗಳ ಕಟ್ಟಡಗಳಲ್ಲಿಯೂ ತನ್ನ ದತ್ತಾಂಶ ಯಂತ್ರಗಳನ್ನು ತಂದಿರಿಸತೊಡಗಿದ್ದು ಈ ಕಾರಣದಿಂದಲೇ. ಪ್ರತಿಸ್ಪರ್ಧಿಯ ಛಾವಣಿಯ ಕೆಳಗೆ ಹೋಗಿ ಕೂರುವಂತೆ ಮಾಡಿತಲ್ಲವೇ, ಆ ದೂರದ ಲೆಕ್ಕ!

ಇನ್ನು ಮಲ್ಟಿ-ಕ್ಲೌಡ್. ಇದರ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಎತ್ತಿ ತೋರಿಸುವ ಪ್ರಸಂಗ ಆಸ್ಟ್ರೇಲಿಯದ್ದು. ಅಧ್ಯಾಪಕ ವರ್ಗದವರಿಗೆ ಇದು ಹೆಚ್ಚು ನಾಟೀತು. ಏಕೆಂದರೆ ಅಲ್ಲಿನ ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನ ಸಂಸ್ಥೆಗಳ ನೌಕರರ ನಿವೃತ್ತಿ ನಿಧಿಯ ಕಥೆ ಅದು. ಯೂನಿಸೂಪರ್ ಎಂಬ ಈ ನಿಧಿಗೆ ಆರು ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದರು. ಅದು ಕಾಪಾಡುತ್ತಿದ್ದ ಮೊತ್ತ ಸುಮಾರು ೧೨,೫೦೦ ಕೋಟಿ ಆಸ್ಟ್ರೇಲಿಯನ್ ಡಾಲರು. ನಿಧಿ ಮೊದಲು ತನ್ನ ಕೆಲಸವನ್ನು ಸ್ವಂತ ಡೇಟಾ ಸೆಂಟರುಗಳಲ್ಲಿಯೂ ಮೈಕ್ರೋಸಾಫ್ಟಿನ ಕ್ಲೌಡಿನಲ್ಲಿಯೂ ನಡೆಸುತ್ತಿತ್ತು; ಅನಂತರ ಅದರಲ್ಲಿ ಬಹುಪಾಲನ್ನು ಗೂಗಲ್ ಕ್ಲೌಡಿಗೆ ಸಾಗಿಸಿತು. ೨೦೨೪ರ ಮೇ ತಿಂಗಳ ಆರಂಭದಲ್ಲಿ ಒಂದು ದಿನ ಅದರ ಖಾಸಗಿ ಕ್ಲೌಡ್ ಮಾಯವಾಯಿತು. ಕಳ್ಳರು ನುಗ್ಗಲಿಲ್ಲ, ಬೆಂಕಿ ಬೀಳಲಿಲ್ಲ. ಗೂಗಲ್ ಆ ಮೇಲೆ ಪ್ರಕಟಿಸಿದ ವಿವರಣೆಯಂತೆ, ಮೊದಲು ಆ ಕ್ಲೌಡನ್ನು ಹೂಡುವಾಗ ಒಂದು ಒಳಸಾಧನದಲ್ಲಿ ಒಂದು ಕಾಲಮ್ಮು ಖಾಲಿ ಉಳಿದಿತ್ತು. ಖಾಲಿಯೆಂದರೆ ಒಂದು ವರ್ಷದ ಅವಧಿ ಎಂದು ಯಂತ್ರ ತಿಳಿದುಕೊಂಡಿತು. ವರ್ಷ ತುಂಬಿದ ದಿನ ತಾನೇ ಅಳಿಸಿತು. ಗಿರಾಕಿ ಅಳಿಸೆಂದು ಕೇಳಿದ್ದಲ್ಲವಾದ್ದರಿಂದ ಗಿರಾಕಿಗೆ ಮುನ್ಸೂಚನೆಯೂ ಹೋಗಲಿಲ್ಲ. ಎರಡು ಕಡೆ ಹರಡಿ ಇರಿಸಿದ್ದರೂ ಎರಡೂ ಕಡೆ ಒಟ್ಟಿಗೇ ಅಳಿಸಿಹೋಯಿತು. ಒಂದು ವಾರಕ್ಕೂ ಹೆಚ್ಚು ಕಾಲ ಸದಸ್ಯರು ತಮ್ಮ ಲೆಕ್ಕವನ್ನು ನೋಡಲಾಗಲಿಲ್ಲ.

ಯಾರ ಹಣವೂ ಹೋಗಲಿಲ್ಲವೆಂಬುದು ಸಂತೋಷ. ಅದಕ್ಕೆ ಕಾರಣ, ನಿಧಿ ಪ್ರತಿಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದುದು. ಅವುಗಳಲ್ಲಿ ಒಂದು ಭಾಗ ಮತ್ತೊಬ್ಬ ಕಂಪನಿಯ ಬಳಿಯಿತ್ತು. ಎರಡು ಊರುಗಳಲ್ಲಿ ಎರಡು ಪ್ರತಿಯಿಟ್ಟರೂ ಅವೆರಡರ ಬೀಗದ ಕೈ ಒಬ್ಬನ ಸೊಂಟದಲ್ಲಿದ್ದರೆ ಒಂದೇ ತಪ್ಪಿನಿಂದ ಎರಡೂ ಹೋಗಬಹುದೆಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು. ಇದಕ್ಕೆ ಹೊಂದುವ ಇನ್ನೊಂದು ಸಂಗತಿ: ೨೦೨೫ರ ಅಕ್ಟೋಬರ್ ೨೦ರಂದು ಅಮೆರಿಕದ ವರ್ಜೀನಿಯದಲ್ಲಿರುವ ಅಮೆಜಾನ್ ಕೇಂದ್ರದಲ್ಲಿ ಹೆಸರಿನಿಂದ ವಿಳಾಸ ಹುಡುಕುವ ಏರ್ಪಾಡು ಕೆಟ್ಟು, ಅದನ್ನು ನೆಚ್ಚಿದ್ದ ಅಸಂಖ್ಯಾತ ಸೇವೆಗಳು ಲೋಕದ ಹಲವೆಡೆ ಗಂಟೆಗಟ್ಟಲೆ ನಿಂತವು. ಒಂಬತ್ತೇ ದಿನಗಳ ತರುವಾಯ, ೨೯ರಂದು, ಮೈಕ್ರೋಸಾಫ್ಟಿನ ಸರದಿ ಬಂದಿತು. ಇಬ್ಬರೂ ಒಂದೇ ತಿಂಗಳಲ್ಲಿ ಎಡವಿದರು, ಒಂದೇ ದಿನ ಎಡವಲಿಲ್ಲ. ಮಲ್ಟಿ-ಕ್ಲೌಡಿನ ಪಕ್ಷದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಬೇಕು ಎಂದು ನನಗನಿಸುತ್ತದೆ. ನನ್ನ ಸೋದರಮಾವನವರು ಒಂದು ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ದೀಪಾವಳಿಗೆ ಊರಿಗೆ ಬಂದಾಗ, "ಮಾವ, ಎರಡು ಕ್ಲೌಡ್ ಇಟ್ಟುಕೊಂಡುಬಿಟ್ಟರೆ ಒಂದು ಬಿದ್ದರೆ ಇನ್ನೊಂದು ಇರುತ್ತದಲ್ಲ?" ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಎರಡು ಎತ್ತಿನ ಗಾಡಿ ಹೂಡಿದ ಮಾತ್ರಕ್ಕೆ ಆಗಲಿಲ್ಲಪ್ಪ, ಎರಡೂ ಎತ್ತಿಗೆ ಒಂದೇ ಮಾತು ತಿಳಿಯಬೇಕು. ಇವರ ಬೀಗ ಒಂದು ರೀತಿ, ಅವರ ಬೀಗ ಒಂದು ರೀತಿ. ಎರಡನ್ನೂ ಬಲ್ಲ ಹುಡುಗರನ್ನು ಎಲ್ಲಿಂದ ತರಲಿ?" ಎಂದರು. ಮಾವನವರ ಮಾತಿನಲ್ಲಿ ಸಾರವಿದೆ. ಯಾರಿಗೆ ಯಾವ ಬಾಗಿಲಿನ ಅಪ್ಪಣೆ ಎಂಬ ನಿಯಮಗಳು ಅಮೆಜಾನಿನಲ್ಲಿ ಒಂದು ಬಗೆ, ಮೈಕ್ರೋಸಾಫ್ಟಿನಲ್ಲಿ ಇನ್ನೊಂದು ಬಗೆ. ಬಿಲ್ಲು ಓದುವ ಬಗೆಯೂ ಬೇರೆ. ಎರಡೂ ಕಡೆ ನಡೆಯಬೇಕಾದರೆ ಎರಡರಲ್ಲಿಯೂ ಇರುವ ಸಾಮಾನ್ಯ ಸೌಕರ್ಯಗಳನ್ನಷ್ಟೇ ಬಳಸಬೇಕು; ಒಂದೊಂದರ ವಿಶೇಷವಾದ ಒಳ್ಳೆಯ ಸಾಧನಗಳಿಗೆ ಕೈಹಾಕುವಂತಿಲ್ಲ. ಲೆಕ್ಕ ಎರಡೂ ಕಡೆ ಕ್ಷಣಕ್ಷಣಕ್ಕೂ ಸಮವಾಗಿರಬೇಕೆಂದರೆ ಪ್ರತಿ ಬರಹವೂ ಆಚೆಗೆ ಹೋಗಿ ಒಪ್ಪಿಗೆ ತರುವ ತನಕ ಕಾಯಬೇಕು. ಮತ್ತೆ ಆ ಬೆಳಕಿನ ಓಟದ ಲೆಕ್ಕಕ್ಕೇ ಬಂದೆವು. ಇದಲ್ಲದೆ ಹಲವು ಕಂಪನಿಗಳಲ್ಲಿ ಮಲ್ಟಿ-ಕ್ಲೌಡ್ ಎಂಬುದು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಒಂದು ವಿಭಾಗ ಒಂದನ್ನು ಕೊಂಡಿತು, ಇನ್ನೊಂದು ವಿಭಾಗ ಇನ್ನೊಂದನ್ನು. ನಡುವೆ ಬೇರೊಂದು ಕಂಪನಿಯನ್ನು ಕೊಂಡಾಗ ಅದರ ಕ್ಲೌಡೂ ಬಳುವಳಿಯಾಗಿ ಬಂತು. ಇಂಥಲ್ಲಿ ಒಂದು ಬಿದ್ದರೆ ಅದರಲ್ಲಿರುವ ಕೆಲಸ ನಿಲ್ಲುತ್ತದೆ, ಇನ್ನೊಂದು ಬಿದ್ದರೆ ಅದರ ಕೆಲಸ. ಅಪಾಯ ಅರ್ಧವಾಗುವ ಬದಲು ಎರಡಾಗುತ್ತದೆ.

ಹಾಗಾದರೆ ಸ್ವಂತ ಬಾವಿಯೇ ಲೇಸೆಂದು ಹಳಬರು ಹೇಳಿಯಾರು. ಅವರಿಗೆ ಕೊರಿಯದ ಸುದ್ದಿಯನ್ನು ಹೇಳಬೇಕು. ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿರುವ ಸರ್ಕಾರದ ಸ್ವಂತ ಡೇಟಾ ಸೆಂಟರಿನಲ್ಲಿ ೨೦೨೫ರ ಸೆಪ್ಟೆಂಬರ್ ೨೬ರಂದು ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರದ ೭೦೯ ಸೇವೆಗಳು ನಿಂತುಹೋದವು. ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಎಬ್ಬಿಸಬಹುದಾಗಿತ್ತು. ಆದರೆ ಸರ್ಕಾರಿ ನೌಕರರು ಕಚೇರಿಯ ಕಾಗದಪತ್ರಗಳನ್ನು ಕೂಡಿಡುತ್ತಿದ್ದ 'ಜಿ-ಡ್ರೈವ್' ಎಂಬ ಉಗ್ರಾಣದ ೮೫೮ ಟೆರಾಬೈಟು ದತ್ತಾಂಶ ಸುಟ್ಟುಹೋಯಿತು. ಬಹಳ ದೊಡ್ಡದಾದ್ದರಿಂದ ಅದಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ವರ್ಷಗಟ್ಟಲೆ ಬರೆದ ಟಿಪ್ಪಣಿ, ವರದಿಗಳು ಒಂದು ರಾತ್ರಿಯಲ್ಲಿ ಹೋದ ಗುಮಾಸ್ತನ ಸ್ಥಿತಿಯನ್ನು ನೆನೆಸಿಕೊಂಡರೆ ಮರುಕ ಬರುತ್ತದೆ.

ಬೆಂಕಿಯ ಮಾತು ಹಾಗಿರಲಿ, ಸ್ವಂತ ಮನೆ ಎಂಬುದು ಎಷ್ಟರ ಮಟ್ಟಿಗೆ ಸ್ವಂತ ಎಂಬುದೂ ವಿಚಾರಾರ್ಹ. ಖಾಸಗಿ ಡೇಟಾ ಸೆಂಟರುಗಳಲ್ಲಿ ಒಂದು ಯಂತ್ರವನ್ನು ಹತ್ತು ಯಂತ್ರಗಳಂತೆ ನಡೆಸಲು ಬಹುಮಂದಿ ನೆಚ್ಚಿರುವುದು ವಿಎಂವೇರ್ ಸಾಫ್ಟ್‌ವೇರನ್ನು. ಬ್ರಾಡ್‌ಕಾಮ್ ಕಂಪನಿ ೨೦೨೩ರ ನವೆಂಬರಿನಲ್ಲಿ ಅದನ್ನು ಕೊಂಡು, ಮರುತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟವನ್ನು ನಿಲ್ಲಿಸಿ ಎಲ್ಲವನ್ನೂ ಚಂದಾ ಪದ್ಧತಿಗೆ ತಿರುಗಿಸಿತು. ಹಲವು ಗಿರಾಕಿಗಳಿಗೆ ಖರ್ಚು ಏರಿತು. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ ೨೦೨೪ರಲ್ಲಿ ನ್ಯಾಯಾಲಯಕ್ಕೇ ಹೋಯಿತು. ಆ ವ್ಯಾಜ್ಯ ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಗೋಡೆ, ಛಾವಣಿ, ಕಾವಲುಗಾರ ಎಲ್ಲ ತನ್ನದೇ ಆದರೂ ಬಾವಿಯ ರಾಟೆ ಬಾಡಿಗೆಯದೆಂದು ಆಗ ಹಲವರಿಗೆ ಗೊತ್ತಾಯಿತು.

ಈಗ ಹೊರಡುವ ಖರ್ಚಿನ ವಿಚಾರಕ್ಕೆ ಬರುತ್ತೇನೆ. ಒಂದು ಕಂಪನಿಯ ೧೦೦ ಟೆರಾಬೈಟು ದತ್ತಾಂಶ ಕ್ಲೌಡಿನಲ್ಲಿದೆಯೆನ್ನಿ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ತಂತಿ ಒಂದು ಕ್ಷಣವೂ ಬಿಡುವಿಲ್ಲದೆ ತುಂಬಿ ಹರಿದರೂ ಅದನ್ನು ಹೊರತರಲು ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಕ್ಲೌಡಿನೊಳಕ್ಕೆ ತುಂಬುವಾಗ ಸುಂಕವಿಲ್ಲ. ಹೊರಕ್ಕೆ ತರುವಾಗ ಸುಂಕವುಂಟು. ಅಮೆಜಾನ್ ತನ್ನ ಅಮೆರಿಕದ ಕೇಂದ್ರಗಳಿಗೆ ಬಹುಕಾಲದಿಂದ ಪ್ರಕಟಿಸುತ್ತ ಬಂದ ದರಪಟ್ಟಿಯಂತೆ ಲೆಕ್ಕಹಾಕಿದರೆ ಈ ೧೦೦ ಟೆರಾಬೈಟಿಗೆ ಸುಮಾರು ೮,೦೦೦ ಡಾಲರು ಆಗುತ್ತದೆ. ಜಾತ್ರೆಗೆ ಬರಲು ಟಿಕೇಟಿಲ್ಲ, ಹೋಗಲು ಟಿಕೇಟು ಎಂದಂತೆ. ಟೀಕೆ ಬಲವಾದ ಮೇಲೆ ೨೦೨೪ರ ಜನವರಿಯಲ್ಲಿ ಗೂಗಲ್, ಮಾರ್ಚಿಯಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್, ಪೂರ್ತಿಯಾಗಿ ಬಿಟ್ಟುಹೋಗುವ ಗಿರಾಕಿಗಳಿಗೆ ಈ ಸುಂಕವನ್ನು ಮನ್ನಾ ಮಾಡಿದವು. ಯುರೋಪಿನ ಒಕ್ಕೂಟದ ದತ್ತಾಂಶ ಕಾಯಿದೆ ೨೦೨೫ರ ಸೆಪ್ಟೆಂಬರ್ ೧೨ರಿಂದ ಅನ್ವಯವಾಯಿತು. ಅದರ ಪ್ರಕಾರ ೨೦೨೭ರ ಜನವರಿ ೧೨ರಿಂದ ಅಲ್ಲಿ ಕ್ಲೌಡ್ ಬದಲಿಸುವವರಿಂದ ಬದಲಾವಣೆಯ ಶುಲ್ಕ ವಸೂಲು ಮಾಡುವಂತಿಲ್ಲ. ಆದರೆ ಮನ್ನಾ ಸಿಕ್ಕಿದ್ದು ಬಿಟ್ಟುಹೋಗುವವನಿಗೆ. ಹೈಬ್ರಿಡ್ ಮಾಡಿಕೊಂಡು ದಿನವೂ ಕ್ಲೌಡಿನಿಂದ ಸ್ವಂತ ಮನೆಗೆ ದತ್ತಾಂಶ ತರಿಸಿಕೊಳ್ಳುವವನು ದಿನದ ಸುಂಕ ಕಟ್ಟುತ್ತಲೇ ಇರಬೇಕಾಗುತ್ತದೆ. ಇದನ್ನು ಅಂದಾಜಿನಲ್ಲಿ ಸೇರಿಸದೆ ಬಜೆಟ್ಟು ಮಾಡಿದವರು ವರ್ಷಾಂತ್ಯಕ್ಕೆ ಬೆವರುತ್ತಾರೆ.

ಸುಂಕಕ್ಕಿಂತ ದೊಡ್ಡ ಬೀಗ ಇನ್ನೊಂದಿದೆ. ಒಂದು ಕ್ಲೌಡಿನಲ್ಲಿ ಮಾತ್ರ ಸಿಗುವ ವಿಶೇಷ ಕಣಜ, ವಿಶೇಷ ಸಾಧನಗಳ ಮೇಲೆ ಪ್ರೋಗ್ರಾಮು ಬರೆದವನು ಹೊರಡಬೇಕಾದರೆ ಆ ಪ್ರೋಗ್ರಾಮನ್ನೇ ಹೊಸದಾಗಿ ಬರೆಯಬೇಕು. ಅದಕ್ಕೆ ಯಾವ ಸರ್ಕಾರವೂ ಮನ್ನಾ ಕೊಡಲಾರದು.

ಹೊರಟು ಬಂದವರು ಇಲ್ಲವೆಂದಲ್ಲ. ಕಡತಗಳನ್ನು ಕೂಡಿಡುವ ಸೇವೆ ನಡೆಸುವ ಡ್ರಾಪ್‌ಬಾಕ್ಸ್ ಕಂಪನಿ ಅಮೆಜಾನಿನ ಉಗ್ರಾಣದಲ್ಲಿ ಬೆಳೆದು, ೨೦೧೫ ಮತ್ತು ೨೦೧೬ರ ಸುಮಾರಿಗೆ ತನ್ನ ಗಿರಾಕಿಗಳ ದತ್ತಾಂಶದಲ್ಲಿ ಶೇಕಡ ೯೦ರಷ್ಟನ್ನು ತಾನೇ ಕಟ್ಟಿದ ವ್ಯವಸ್ಥೆಗೆ ಸಾಗಿಸಿಕೊಂಡಿತು. ಎರಡು ವರ್ಷ ಸೇರಿ ಸುಮಾರು ೭.೫ ಕೋಟಿ ಡಾಲರು ಉಳಿತಾಯವಾಯಿತೆಂದು ೨೦೧೮ರಲ್ಲಿ ಷೇರು ಬಿಡುಗಡೆಯ ಕಾಗದಪತ್ರಗಳಲ್ಲಿ ಹೇಳಿತು. ಕಡತಗಳನ್ನು ಕೂಡಿಡುವುದೇ ಅದರ ಕಸುಬಾದ್ದರಿಂದ ಉಗ್ರಾಣವನ್ನು ಕಟ್ಟುವ ಶ್ರಮ ಅದಕ್ಕೆ ಫಲಿಸಿತು. ಸೀರೆ ಮಾರುವ ಕಂಪನಿಯೋ ಸಕ್ಕರೆ ಕಾರ್ಖಾನೆಯೋ ಇದನ್ನು ನೋಡಿ ಹೊರಟರೆ ಫಲ ಅಷ್ಟೇ ಆಗಬೇಕೆಂದಿಲ್ಲ. ಗಮನಿಸಬೇಕಾದದ್ದು, ಆಗಲೂ ಡ್ರಾಪ್‌ಬಾಕ್ಸ್ ಅಮೆಜಾನನ್ನು ಪೂರ್ತಿ ಬಿಡಲಿಲ್ಲ. ಉಳಿದ ಒಂದು ಪಾಲು ಅಲ್ಲೇ ಇದ್ದಿತು.

ಇಷ್ಟನ್ನೂ ಓದಿ ನನಗೆ ಮೂಡಿದ ಅಭಿಪ್ರಾಯವನ್ನು ಹೇಳುತ್ತೇನೆ, ಬಲ್ಲವರು ತಿದ್ದಬಹುದು. ಸ್ವಂತ ಡೇಟಾ ಸೆಂಟರುಳ್ಳ ಮಧ್ಯಮ ಗಾತ್ರದ ಸಂಸ್ಥೆ ಮೊದಲು ಹೈಬ್ರಿಡ್ಡಿನಿಂದಲೇ ಆರಂಭಿಸಬೇಕು. ದಿನದ ಲೆಕ್ಕವನ್ನು ಸ್ವಂತ ಕಟ್ಟಡದಲ್ಲಿ ಇಟ್ಟುಕೊಂಡು, ಪರೀಕ್ಷೆಯ ಫಲಿತಾಂಶದ ದಿನದಂತೆ ಹಠಾತ್ತಾಗಿ ನೂಕುನುಗ್ಗಲು ಬರುವ ಕೆಲಸಗಳನ್ನು ಒಂದು ಕ್ಲೌಡಿಗೆ ಬಿಡಬೇಕು. ನಡುವಿನ ನೆಲಗಟ್ಟು ಆದಷ್ಟೂ ಯಾವ ಒಬ್ಬ ಮಾಲೀಕನದೂ ಆಗಿರದಿದ್ದರೆ ಒಳ್ಳೆಯದು. ಎರಡನೆಯ ಕ್ಲೌಡ್ ಕಂಪನಿಯನ್ನು ದಿನದ ಕೆಲಸಕ್ಕೆ ಕರೆಯದೆ, ಪ್ರತಿಯನ್ನು ಕಾಪಾಡುವುದಕ್ಕೆ ಮಾತ್ರ ಕರೆಯಬೇಕು. ಆ ಪ್ರತಿಯ ಖಾತೆಯೂ ಬೀಗದ ಕೈಯೂ ಬೇರೆ ಜನರ ಬಳಿಯಿರಬೇಕು, ಮೊದಲ ಕಂಪನಿಯ ಯಾವ ಆಜ್ಞೆಯೂ ಅದನ್ನು ಮುಟ್ಟಬಾರದು. ಆಸ್ಟ್ರೇಲಿಯದ ಅಧ್ಯಾಪಕರ ನಿಧಿಯನ್ನು ಉಳಿಸಿದ್ದು ಹೆಚ್ಚುಕಡಮೆ ಇಷ್ಟೇ. ಕೊರಿಯದ ಗುಮಾಸ್ತರಿಗೆ ಇಲ್ಲದೆ ಹೋದದ್ದೂ ಇಷ್ಟೇ. ಎರಡೂ ಕ್ಲೌಡುಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಸುವ ಪೂರ್ಣ ಮಲ್ಟಿ-ಕ್ಲೌಡ್, ಒಂದು ಗಂಟೆ ನಿಂತರೂ ಕೋಟಿಗಳು ಹೋಗುವಂಥ ದೊಡ್ಡವರಿಗೆ ಇರಲಿ.

ಭಾರತೀಯ ರಿಸರ್ವ್ ಬ್ಯಾಂಕು ೨೦೨೩ರ ಏಪ್ರಿಲ್ ೧೦ರಂದು ಹೊರಡಿಸಿ ಅಕ್ಟೋಬರ್ ೧ರಿಂದ ಜಾರಿಗೆ ತಂದ ನಿರ್ದೇಶನಗಳಲ್ಲಿ, ಕಂಪ್ಯೂಟರ್ ಸೇವೆಗಳನ್ನು ಹೊರಗಿನವರಿಗೆ ವಹಿಸುವ ಬ್ಯಾಂಕುಗಳು ಆ ಕರಾರಿನಿಂದ ಹೊರಬರುವ ಯೋಜನೆಯನ್ನೂ ಸಿದ್ಧಮಾಡಿಟ್ಟಿರಬೇಕೆಂದು ಹೇಳಿದೆ. ಯೋಜನೆಯನ್ನು ಕಾಗದದ ಮೇಲೆ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ನಮ್ಮ ಮಾವನವರ ಬ್ಯಾಂಕಿನಲ್ಲಿ ವರ್ಷಕ್ಕೆರಡು ಭಾನುವಾರ ಮುಖ್ಯ ಯಂತ್ರಗಳನ್ನು ಬೇಕೆಂದೇ ಪಕ್ಕಕ್ಕಿಟ್ಟು, ದೂರದ ಪ್ರತಿಯಿಂದ ಲೆಕ್ಕವನ್ನೆಲ್ಲ ಮತ್ತೆ ಎಬ್ಬಿಸಿ, ಎಷ್ಟು ಗಂಟೆ ಹಿಡಿಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಾರಂತೆ. ಆ ಎರಡು ಭಾನುವಾರ ಅವರು ಊಟಕ್ಕೆ ಮನೆಗೆ ಬರುವುದಿಲ್ಲ.